ಹುಲ್ಲಿಲ್ಲದ ಹಸಿರು

ಹೋದ ವರ್ಷ ಪುತ್ತರಿ ಹಬ್ಬ ಕಳೆದು ಒಂದು ವಾರವಾಗಿರಬೇಕು. ನಮ್ಮೂರಿನ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದಿಂದ ನನಗೊಂದು ಕಾಗದ ಬಂದಿತು. ಶಾಲೆಯ ಆಟದ ಬಯಲಿನ ಮಣ್ಣನ್ನೂ ಹುಲ್ಲನ್ನೂ ತೆಗೆದು, ಅಲ್ಲಿ ‘ಸಿಂಥೆಟಿಕ್ ಟರ್ಫ್’ ಎಂಬ ಕೃತಕ ಹುಲ್ಲನ್ನು ಹಾಸುವ ಯೋಜನೆ ಸಿದ್ಧವಾಗಿದೆಯೆಂದೂ, ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಲು ಮುಂದೆ ಬಂದಿದ್ದಾರೆಂದೂ, ಊರ ಹಿರಿಯರ ಪೈಕಿ ಒಬ್ಬನಾದ ನಾನು ಸಭೆಗೆ ಬಂದು ‘ಎರಡು ಒಳ್ಳೆಯ ಮಾತು’ ಆಡಬೇಕೆಂದೂ ಅದರಲ್ಲಿ ಬರೆದಿತ್ತು. ಸಭೆಗಳಲ್ಲಿ ಎರಡು ಒಳ್ಳೆಯ ಮಾತು ಆಡುವುದು ಕನ್ನಡ ಮೇಷ್ಟರ ಹಣೆಯ ಬರಹ. ನಾನೂ ಆಡುತ್ತ ಬಂದವನೇ. ಆದರೆ ಆ ಕಾಗದವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಾನು ಕೊಡಗಿನವನಲ್ಲ. ಹಾಸನದ ಕಡೆಯಿಂದ 1975ರಲ್ಲಿ ಉಪಾಧ್ಯಾಯನಾಗಿ ಇಲ್ಲಿಗೆ ಬಂದವನು, ಕೊನೆಗೆ ಇಲ್ಲಿಯೇ ನಿಂತುಬಿಟ್ಟೆ. ಹಾಕಿ ಕೋಲನ್ನು ಸರಿಯಾಗಿ ಹಿಡಿಯಲು ಕೂಡ ನನಗೆ ಬಾರದು. ಬಂದ ಮೊದಲನೆಯ ವರ್ಷ, ಬೇರೆ ಯಾವ ಕೆಲಸಕ್ಕೂ ಬಾರದವನೆಂದು ತೀರ್ಮಾನಿಸಿ, ಮುಖ್ಯೋಪಾಧ್ಯಾಯರು ನನ್ನನ್ನು ಪಂದ್ಯಗಳ ಗೋಲುಗಳ ಲೆಕ್ಕ ಬರೆಯಲು ಕೂರಿಸಿದರು. ನಿವೃತ್ತನಾಗುವವರೆಗೂ ಆ ಲೆಕ್ಕ ಬರೆದೆ. ಹೀಗಾಗಿ ಆ ಬಯಲನ್ನು ಆಡಿ ಬಲ್ಲವನಲ್ಲವಾದರೂ, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿ ಬಲ್ಲವನು.

ಬಯಲೆಂದರೆ ದೊಡ್ಡ ಬಯಲೇನೂ ಅಲ್ಲ. ಗುಡ್ಡದ ಇಳಿಜಾರನ್ನು ಕಡಿದು ಹಿಂದಿನವರು ಸಮ ಮಾಡಿದ ನೆಲ. ಒಂದು ಮಗ್ಗುಲಿಗೆ ಕಾಫಿ ತೋಟ, ಇನ್ನೊಂದು ಮಗ್ಗುಲಿಗೆ ಇಳಿದುಹೋಗುವ ಗದ್ದೆಗಳು, ಮೇಲುಗಡೆ ಶಾಲೆ. ಬೆಳಿಗ್ಗೆ ಅಲ್ಲಿ ಮಕ್ಕಳ ಪ್ರಾರ್ಥನೆ, ಸಂಜೆ ಹಾಕಿ, ಭಾನುವಾರ ದೊಡ್ಡವರ ಆಟ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆಗಸ್ಟ್ ತಿಂಗಳಲ್ಲಿ ಕೊಡೆಗಳ ಕೆಳಗೆ ಧ್ವಜವಂದನೆ. ಯಾರೂ ಇಲ್ಲದ ಮಧ್ಯಾಹ್ನ ದನಗಳು ಬಂದು ಮೇಯುತ್ತವೆ. ಊರಿನ ಅರ್ಧ ಜನ ಜೀಪು ಓಡಿಸಲು ಕಲಿತದ್ದೂ ಅಲ್ಲಿಯೇ. ಮಳೆಗಾಲದ ಮೂರು ತಿಂಗಳು ಮಾತ್ರ ಅದು ಬಯಲೂ ಅಲ್ಲ, ಕೆರೆಯೂ ಅಲ್ಲ. ಎರಡರ ನಡುವಣ ಒಂದು ಅವಸ್ಥೆಯಲ್ಲಿರುತ್ತದೆ. ಆಗ ಹುಡುಗರು ಆಡುವುದಕ್ಕಿಂತ ಜಾರುವುದೇ ಹೆಚ್ಚು.

ಕೊಡಗಿನ ಊರುಗಳಲ್ಲಿ ‘ಮಂದ್’ ಎಂಬುದೊಂದು ಉಂಟು. ಊರಿಗೆಲ್ಲ ಸೇರಿದ ಬಯಲು ಅದು. ಪುತ್ತರಿಯ ಕೋಲಾಟ ನಡೆಯುವುದು ಅಲ್ಲಿ. ಅದಕ್ಕೆ ಬಾಗಿಲಿಲ್ಲ. ನಮ್ಮ ಶಾಲೆಯ ಬಯಲು ಶಾಸ್ತ್ರೋಕ್ತವಾದ ಮಂದ್ ಅಲ್ಲವಾದರೂ, ಬಳಕೆಯಿಂದ ಅಂಥದೇ ಆಗಿತ್ತು. ಆದ್ದರಿಂದಲೇ ಆ ಕಾಗದವನ್ನು ಓದಿದಾಗ ನನ್ನ ಮನಸ್ಸು ಮೊದಲು ‘ಬೇಡ’ ಎಂದಿತು. ಆದರೆ ಮೇಷ್ಟರಾಗಿದ್ದವನು ‘ಬೇಡ’ ಎನ್ನುವುದಕ್ಕೆ ಕಾರಣವನ್ನೂ ಕೊಡಬೇಕಷ್ಟೆ. ಸಭೆಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರಗಳಲ್ಲಿ ಓದಿ, ಕೇಳಿ, ನೋಡಿ ತಿಳಿದದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಈ ಹುಲ್ಲಿನ ಹುಟ್ಟನ್ನು ನೋಡೋಣ. ಅದರ ತೌರೂರು ಅಮೆರಿಕ. ಅಲ್ಲಿನ ನಗರಗಳ ಮಕ್ಕಳು ಹಳ್ಳಿಯ ಮಕ್ಕಳಷ್ಟು ಗಟ್ಟಿಮುಟ್ಟಾಗಿಲ್ಲ, ಅವರಿಗೆ ಓಡಲು ನೆಲವಿಲ್ಲ ಎಂಬ ಚಿಂತೆ 1950ರ ದಶಕದಲ್ಲಿ ಎದ್ದಿತು. ಕಲ್ಲು ಕಾಂಕ್ರೀಟುಗಳ ನಡುವೆ, ಬಿಸಿಲು ಕಾಣದ ಮೂಲೆಗಳಲ್ಲಿ ಕೂಡ ಹಾಸಬಹುದಾದ ಮೆತ್ತನೆಯ ನೆಲವೊಂದನ್ನು ಕಂಡುಹಿಡಿಯಬೇಕೆಂದು ಫೋರ್ಡ್ ಪ್ರತಿಷ್ಠಾನದವರು ಪ್ರೋತ್ಸಾಹ ಕೊಟ್ಟರು. ಮೊನ್ಸಾಂಟೊ ಕಂಪನಿಯವರು ನೈಲಾನಿನ ಎಳೆಗಳಿಂದ ಒಂದು ಹಾಸನ್ನು ತಯಾರಿಸಿ, 1964ರಲ್ಲಿ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಹಾಸಿ ನೋಡಿದರು. ಆಗ ಅದರ ಹೆಸರು ‘ಕೆಮ್‌ಗ್ರಾಸ್’. ಎಂದರೆ ರಸಾಯನದ ಹುಲ್ಲು, ಹೆಸರಿನಲ್ಲಿ ಮುಚ್ಚುಮರೆಯಿರಲಿಲ್ಲ.

ಅದಕ್ಕೆ ಕೀರ್ತಿ ಬಂದದ್ದು ಹೂಸ್ಟನ್ ನಗರದಲ್ಲಿ. 1965ರಲ್ಲಿ ಅಲ್ಲಿ ‘ಆಸ್ಟ್ರೋಡೋಮ್’ ಎಂಬ ಮಹಾಕ್ರೀಡಾಂಗಣವನ್ನು ಕಟ್ಟಿ, ಮೇಲೆ ಗುಮ್ಮಟದ ಚಾವಣಿಯನ್ನೂ ಮುಚ್ಚಿದರು. ಒಳಗೆ ಹುಲ್ಲು ಬೆಳೆಯಲೆಂದು ಚಾವಣಿಗೆ ಬೆಳಕು ತೂರುವ ಹಲಗೆಗಳನ್ನು ಹಾಕಿದ್ದರು. ಆಟಗಾರರು ತಲೆಯೆತ್ತಿ ಚೆಂಡನ್ನು ನೋಡಿದರೆ ಕಣ್ಣು ಕೋರೈಸುತ್ತಿತ್ತು. ಹಲಗೆಗಳಿಗೆ ಬಣ್ಣ ಬಳಿದರು. ಕಣ್ಣಿಗೆ ಸುಖವಾಯಿತು, ಹುಲ್ಲು ಸತ್ತಿತು. ಸತ್ತ ಹುಲ್ಲಿಗೆ ಹಸಿರು ಬಣ್ಣ ಹೊಡೆದು ಆ ವರ್ಷವನ್ನು ಹೇಗೋ ಕಳೆದರು. ಮರುವರ್ಷ, 1966ರಲ್ಲಿ, ರಸಾಯನದ ಹುಲ್ಲನ್ನು ತಂದು ಹಾಸಿದರು. ಆ ಅಂಗಣದ ಹೆಸರಿನಿಂದಲೇ ಅದು ‘ಆಸ್ಟ್ರೋಟರ್ಫ್’ ಆಯಿತು.

ಈ ವೃತ್ತಾಂತವನ್ನು ಓದಿದಾಗ ನನಗೊಂದು ಸಂಗತಿ ಹೊಳೆಯಿತು. ಕೃತಕ ಹುಲ್ಲು ಹುಟ್ಟಿದ್ದು ಹುಲ್ಲನ್ನು ಸೋಲಿಸುವುದಕ್ಕಾಗಿ ಅಲ್ಲ. ಹುಲ್ಲು ಬೆಳೆಯಲಾರದ ಕಡೆ, ಮಕ್ಕಳಿಗೆ ನೆಲವೇ ಇಲ್ಲದ ಕಡೆ, ಒಂದಿಷ್ಟು ನೆಲವನ್ನು ಒದಗಿಸುವುದಕ್ಕಾಗಿ. ಬೆಂಗಳೂರಿನಲ್ಲಿ ಈಗ ಮನೆಗಳ ನಡುವಣ ಖಾಲಿ ನಿವೇಶನಗಳಲ್ಲಿ, ಕಟ್ಟಡಗಳ ತಾರಸಿಯ ಮೇಲೆ ಕೂಡ ಬಲೆ ಕಟ್ಟಿ, ದೀಪ ಹಾಕಿ, ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ‘ಟರ್ಫ್’ಗಳನ್ನು ಕಂಡವರು ಇದನ್ನು ಒಪ್ಪುತ್ತಾರೆ. ಹಗಲೆಲ್ಲ ಕಚೇರಿಯಲ್ಲಿ ಕುಳಿತ ತರುಣರು ರಾತ್ರಿ ಹತ್ತು ಗಂಟೆಗೆ ಅಲ್ಲಿ ಚೆಂಡಾಡಿ ಬೆವರು ಸುರಿಸುತ್ತಾರೆ. ಅವರನ್ನು ಹಾಸ್ಯ ಮಾಡುವ ಅಧಿಕಾರ, ಹಳ್ಳಿಯಲ್ಲಿ ಬಯಲನ್ನು ಪುಕ್ಕಟೆಯಾಗಿ ಪಡೆದ ನನ್ನಂಥವನಿಗೆ ಇಲ್ಲ.

ಆದರೆ ಹಾಕಿಯ ಕಥೆ ಬೇರೆ. ಅದನ್ನು ನೆನೆದರೆ ನನ್ನ ತಲೆಮಾರಿನವರಿಗೆ ಈಗಲೂ ಎದೆ ಭಾರವಾಗುತ್ತದೆ.

ನಾನು ಕೊಡಗಿಗೆ ಬಂದ ವರ್ಷವೇ, 1975ರ ಮಾರ್ಚಿಯಲ್ಲಿ, ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ಪನ್ನು ಗೆದ್ದಿತ್ತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಅದಕ್ಕೆ ಎರಡು ವರ್ಷ ಹಿಂದೆ ಆಮ್‌ಸ್ಟರ್‌ಡಾಮಿನ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದ ತಂಡದ ನಾಯಕರಾಗಿದ್ದವರು ಕೊಡಗಿನವರೇ ಆದ ಎಂ.ಪಿ. ಗಣೇಶ್. ನಾನು ಬಂದಾಗ ಊರಿನ ತುಂಬ ಆ ಸಡಗರ. ಮರುವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್. ಅಲ್ಲಿ ಒಲಿಂಪಿಕ್ಸಿನ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಗೋವಿಂದ ಆ ತಂಡದಲ್ಲಿಯೂ ಇದ್ದರು. ಆಸ್ಟ್ರೇಲಿಯಾ ನಮ್ಮನ್ನು ಒಂದಕ್ಕೆ ಆರು ಗೋಲುಗಳಿಂದ ಸೋಲಿಸಿತು. ನಮಗೆ ಸಿಕ್ಕಿದ್ದು ಏಳನೆಯ ಸ್ಥಾನ. 1928ರಿಂದ ಆಡಿದ ಪ್ರತಿಯೊಂದು ಒಲಿಂಪಿಕ್ಸಿನಲ್ಲಿಯೂ ಏನಾದರೊಂದು ಪದಕ ತಂದಿದ್ದ ದೇಶ ಅಂದು ಬರಿಗೈಯಲ್ಲಿ ಮರಳಿತು. ವೃತ್ತಪತ್ರಿಕೆ ಬಂದ ದಿನ ನಮ್ಮ ಶಾಲೆಯ ಡ್ರಿಲ್ ಮೇಷ್ಟರು ಊಟ ಮಾಡಲಿಲ್ಲ. ಸಂಜೆ ಬಯಲಿಗೆ ಬಂದು, ಕೋಲನ್ನು ನೆಲಕ್ಕೂರಿ, ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ಅದು ಏಕಾಯಿತೆಂಬುದನ್ನು ಆಟ ಬಲ್ಲವರು ನನಗೆ ತಿಳಿಸಿಕೊಟ್ಟಿದ್ದಾರೆ. ಹುಲ್ಲಿನ ನೆಲ ಎಷ್ಟು ಸಮವಾಗಿದ್ದರೂ ಚೆಂಡು ಅಲ್ಲಿ ಒಂದಿಷ್ಟು ಕುಪ್ಪಳಿಸುತ್ತದೆ, ಒಂದಿಷ್ಟು ನಿಧಾನಿಸುತ್ತದೆ. ಆ ನಿಧಾನದಲ್ಲಿಯೇ ನಮ್ಮವರ ಕೈಚಳಕಕ್ಕೆ ಎಡೆಯಿತ್ತು. ಚೆಂಡನ್ನು ಕೋಲಿನ ತುದಿಗೆ ಅಂಟಿಸಿಕೊಂಡಂತೆ ಒಯ್ದು, ಎದುರಾಳಿಯನ್ನು ಬಲಕ್ಕೆ ಬಾಗಿಸಿ ಎಡಕ್ಕೆ ನುಸುಳುವ ವಿದ್ಯೆ ಅದು. ಕೃತಕ ಹಾಸಿನ ಮೇಲೆ ಚೆಂಡು ಗಾಜಿನ ಮೇಲೆ ಹೋದಂತೆ ನೇರವಾಗಿ, ವೇಗವಾಗಿ ಹೋಗುತ್ತದೆ. ದೂರದಿಂದ ಬಲವಾಗಿ ಹೊಡೆದ ಚೆಂಡು ದಾರಿ ತಪ್ಪದೆ ತಲುಪುತ್ತದೆ. ಅದರ ಹಿಂದೆ ಓಡಬಲ್ಲ ಕಾಲುಗಳೂ, ಓಡಿ ದಣಿಯದ ಉಸಿರೂ ಬೇಕು. ಆಟ ಕೈಯಿಂದ ಕಾಲಿಗೆ ಇಳಿಯಿತೆಂದು ನಮ್ಮ ಡ್ರಿಲ್ ಮೇಷ್ಟರು ಹೇಳುತ್ತಿದ್ದರು. ಹಿಪ್ಪುನೇರಳೆಯ ಮರದ ಕೋಲು ಹೋಗಿ ಗಾಜಿನ ನಾರು, ಇಂಗಾಲದ ನಾರುಗಳ ಕೋಲು ಬಂದದ್ದೂ ಇದೇ ಬದಲಾವಣೆಯ ಜೊತೆಜೊತೆಗೆ.

‘ಇದು ನಮ್ಮನ್ನು ತುಳಿಯಲು ಬಿಳಿಯರು ಹೂಡಿದ ಒಳಸಂಚು’ ಎಂಬ ಮಾತನ್ನು ಐವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ನಾನೂ ಅದನ್ನು ನಂಬಿದ್ದೆ. ಸೋತವನಿಗೆ ಅದರಷ್ಟು ಹಿತವಾದ ಮಾತು ಬೇರೆ ಇಲ್ಲ. ಆದರೆ ಲೆಕ್ಕ ಬರೆದ ಅಭ್ಯಾಸವಿರುವವನು ಲೆಕ್ಕವನ್ನೂ ನೋಡಬೇಕು. ನಮ್ಮಂತೆಯೇ ಹುಲ್ಲಿನ ಮೇಲೆ ಆಡಿ ಬೆಳೆದ ಪಾಕಿಸ್ತಾನ, ಮುಂಬಯಿಯ ಹುಲ್ಲಿನ ಮೇಲೆ 1982ರ ವಿಶ್ವಕಪ್ಪನ್ನು ಗೆದ್ದಿತು; ಎರಡು ವರ್ಷಗಳ ತರುವಾಯ ಲಾಸ್ ಏಂಜಲೀಸಿನ ಕೃತಕ ಹುಲ್ಲಿನ ಮೇಲೆ ಒಲಿಂಪಿಕ್ ಚಿನ್ನವನ್ನೂ ಗೆದ್ದಿತು; 1994ರಲ್ಲಿ ಸಿಡ್ನಿಯಲ್ಲಿ ಮತ್ತೆ ವಿಶ್ವಕಪ್ಪನ್ನು ಗೆದ್ದಿತು. ನಾವೇ 1980ರಲ್ಲಿ ಮಾಸ್ಕೋದ ಕೃತಕ ಹಾಸಿನ ಮೇಲೆ ಚಿನ್ನ ಗೆದ್ದೆವು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಅನೇಕ ದೇಶಗಳು ಆ ಸಲ ಬಂದಿರಲಿಲ್ಲವೆಂಬುದೇನೋ ನಿಜ. ಆದರೂ ಆ ಹಾಸಿನ ಮೇಲೆ ಆಡುವುದು ನಮ್ಮವರ ರಕ್ತದಲ್ಲಿಯೇ ಇಲ್ಲವೆನ್ನುವುದು ಸುಳ್ಳೆಂದಾಯಿತು. ನಮಗೆ ಇರದಿದ್ದದ್ದು ಹಾಸು. ಐರೋಪ್ಯ ದೇಶಗಳಲ್ಲಿ ಸಾಮಾನ್ಯ ಕ್ಲಬ್ಬಿನ ಮಕ್ಕಳಿಗೂ ಅದು ದೊರೆಯುತ್ತಿದ್ದ ಕಾಲದಲ್ಲಿ, ನಮ್ಮಲ್ಲಿ ಅದನ್ನು ಕಾಣಬೇಕಾದರೆ ಮಕ್ಕಳು ಮಹಾನಗರಕ್ಕೆ ರೈಲು ಹತ್ತಬೇಕಾಗಿತ್ತು. 1986ರಲ್ಲಿ ಲಂಡನ್ನಿನ ವಿಶ್ವಕಪ್ಪಿನಲ್ಲಿ ಹನ್ನೆರಡು ದೇಶಗಳಲ್ಲಿ ನಾವು ಹನ್ನೆರಡನೆಯವರಾದೆವು. ಮುಂದೆ ಅಲ್ಲಲ್ಲಿ ಹಾಸುಗಳು ಬಂದ ಮೇಲೆ, ಅವುಗಳ ಮೇಲೆಯೇ ಬೆಳೆದ ಹುಡುಗರು ಟೋಕಿಯೋದಲ್ಲಿ 2021ರಲ್ಲಿಯೂ ಪ್ಯಾರಿಸಿನಲ್ಲಿ 2024ರಲ್ಲಿಯೂ ಕಂಚಿನ ಪದಕ ತಂದರು. ಟೋಕಿಯೋದ್ದು 41 ವರ್ಷಗಳ ತರುವಾಯ ಬಂದ ಪದಕ.

ಇಷ್ಟನ್ನು ತಿಳಿದ ಮೇಲೆ ನನ್ನ ‘ಬೇಡ’ ಸ್ವಲ್ಪ ಸಡಿಲವಾಯಿತು. ಪೂರ್ತಿ ಸಡಿಲ ಮಾಡಿದವಳು ಒಬ್ಬ ಹುಡುಗಿ.

ಸಭೆಗೆ ಒಂದು ವಾರ ಮುಂಚೆ ಸಂಜೆ ಬಯಲಿಗೆ ಹೋಗಿದ್ದೆ. ಒಂಬತ್ತನೆಯ ತರಗತಿಯ ಒಬ್ಬಳು ಹುಡುಗರ ನಡುವೆ ಚೆಂಡನ್ನು ಒಯ್ಯುತ್ತಿದ್ದ ಬಗೆಯನ್ನು ಕಂಡು ನನ್ನ ಹಳೆಯ ಲೆಕ್ಕದ ಪುಸ್ತಕ ಜ್ಞಾಪಕಕ್ಕೆ ಬಂದಿತು. ಅಂಥ ಕೈ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ವಿಚಾರಿಸಿದೆ. ಪಕ್ಕದ ಕಾಫಿ ತೋಟದ ಲೈನ್ ಮನೆಯವಳು. ತಂದೆತಾಯಿ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಆ ವರ್ಷ ಬೆಂಗಳೂರಿನಲ್ಲಿ ನಡೆದ ಆಯ್ಕೆಗೆ ಹೋಗಿದ್ದಳಂತೆ. ಅರ್ಧ ಗಂಟೆಯಲ್ಲಿ ಹೊರಗೆ ಕಳುಹಿಸಿದರಂತೆ.

“ಏನಾಯಿತು ಮಗೂ?” ಎಂದೆ.

ಅವಳು ಕೋಲಿನ ತುದಿಯಿಂದ ಮಣ್ಣು ಕೆದಕುತ್ತ ಹೇಳಿದಳು: “ಸರ್, ಇಲ್ಲಿ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನೆಲಾನೇ ಹೇಳುತ್ತೆ. ಎಲ್ಲಿ ಗುಂಡಿ, ಎಲ್ಲಿ ಕಲ್ಲು, ಎಲ್ಲಾ ಗೊತ್ತು. ಅಲ್ಲಿ ನೆಲ ಏನೂ ಹೇಳಲ್ಲ. ನಾನು ಕೋಲು ಇಡೋದರೊಳಗೆ ಚೆಂಡು ದಾಟಿ ಹೋಗಿರುತ್ತೆ.”

“ಹಾಗಾದರೆ ಇಲ್ಲಿಯೂ ಆ ಹುಲ್ಲು ಹಾಸಿದರೆ ಒಳ್ಳೆಯದೇನು?”

“ಹೌದು ಸರ್” ಎಂದಳು ಥಟ್ಟನೆ. ಆಮೇಲೆ, ಗೋಲಿನ ಹಿಂದೆ ಬರಿಗಾಲಿನಲ್ಲಿ ಬಿದಿರಿನ ಕೋಲು ಹಿಡಿದು ಆಡುತ್ತಿದ್ದ ಚಿಕ್ಕ ಮಕ್ಕಳ ಕಡೆ ನೋಡಿದಳು. ಅವರಲ್ಲೊಬ್ಬ ಅವಳ ತಮ್ಮ. “ಆದರೆ ಬೀಗ ಹಾಕ್ತಾರಾ ಸರ್?”

ನಾನು ಉತ್ತರ ಹೇಳಲಿಲ್ಲ. ಮನೆಗೆ ಬಂದು ಯೋಜನೆಯ ಕಾಗದಗಳನ್ನು ಮತ್ತೊಮ್ಮೆ ಓದಿದೆ. ಸುತ್ತಲೂ ಎತ್ತರದ ತಂತಿ ಬೇಲಿ; ಒಂದೇ ಬಾಗಿಲು; ನಿಗದಿಯಾದ ಸಮಯ; ತಕ್ಕ ಬೂಟುಗಳಿಲ್ಲದವರಿಗೆ ಪ್ರವೇಶವಿಲ್ಲ; ನಿರ್ವಹಣೆಯ ವೆಚ್ಚಕ್ಕಾಗಿ ಶುಲ್ಕ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಕೋಟಿಗಳ ಲೆಕ್ಕದಲ್ಲಿ ಹಣ ಸುರಿದು ಹಾಸಿದ ಹಾಸಿನ ಮೇಲೆ ದನ ಮೇಯಿಸಲಾದೀತೆ, ಜೀಪು ಕಲಿಯಲಾದೀತೆ? ಬೀಗ ಹಾಕದಿದ್ದರೆ ಹಾಸು ಉಳಿಯದು. ಹಾಕಿದರೆ ಬಿದಿರಿನ ಕೋಲಿನ ಮಕ್ಕಳು ಹೊರಗೆ.

ಬಿದಿರಿನ ಕೋಲು ಎಂಬುದನ್ನು ಹಗುರವಾಗಿ ಕಾಣಬಾರದು. 2012 ಮತ್ತು 2016ರ ಒಲಿಂಪಿಕ್ಸುಗಳಲ್ಲಿ ದೇಶಕ್ಕಾಗಿ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಮೊದಲು ಹಿಡಿದದ್ದು ಬಿದಿರಿನ ಕೋಲನ್ನೇ. ಇನ್ನು ಕೊಡವ ಒಕ್ಕಗಳ ಹಾಕಿ ಉತ್ಸವವನ್ನು ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಅದನ್ನು ಆರಂಭಿಸಿದಾಗ ಬಂದವು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಒಲಿಂಪಿಕ್ಸಿನಲ್ಲಿ ಆಡಿದವನೂ, ಅಜ್ಜನೂ, ಸೊಸೆಯೂ, ಶಾಲೆಯ ಹುಡುಗನೂ ಒಂದೇ ತಂಡದಲ್ಲಿರಬಹುದು. ಇದು ನಡೆಯುತ್ತ ಬಂದದ್ದು ಮಣ್ಣು ಹುಲ್ಲಿನ ಬಯಲುಗಳ ಮೇಲೆ. ಆಟ ಊರಿನ ಸೊತ್ತಾಗಿ ಉಳಿಯಬೇಕಾದರೆ ಯಾರು ಬೇಕಾದರೂ ಕಾಲಿಡಬಹುದಾದ ನೆಲವಿರಬೇಕು.

ಕೃತಕ ಹುಲ್ಲಿನ ಇತರ ದೋಷಗಳನ್ನೂ ಹೇಳಬೇಕು. ಮೊದಲನೆಯದು ಶಾಖ. ಜೀವಂತ ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿಸಿ ನೆಲವನ್ನು ತಂಪಾಗಿಡುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ತಿಳಿಯದು. 2002ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು ತಮ್ಮ ಕೃತಕ ಮೈದಾನವನ್ನು ಅಳೆದಾಗ, ಹವೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಹಾಸಿನ ಮೈ 93 ಡಿಗ್ರಿಯವರೆಗೆ ಕಾದಿತ್ತು. ಎರಡನೆಯದು ಗಾಯ. ಬಿದ್ದು ಜಾರಿದರೆ ಚರ್ಮ ಸುಲಿಯುತ್ತದೆ. ಬೂಟು ಹಾಸಿಗೆ ಕಚ್ಚಿಕೊಂಡು ಕಾಲಿನ ಹೆಬ್ಬೆರಳಿನ ಕೀಲು ಉಳುಕುವ ಒಂದು ಬೇನೆಗೆ 1976ರಲ್ಲಿಯೇ ವೈದ್ಯರು ‘ಟರ್ಫ್ ಟೋ’ ಎಂದು ಹೆಸರಿಟ್ಟರು. 2015ರಲ್ಲಿ ಕೆನಡಾದ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪನ್ನು ಕೃತಕ ಹುಲ್ಲಿನ ಮೇಲೆ ಆಡಿಸಲು ಹೊರಟಾಗ, ಗಂಡಸರಿಗೆ ಹುಲ್ಲು, ನಮಗೆ ಪ್ಲಾಸ್ಟಿಕ್ಕೇ ಎಂದು ಆಟಗಾರ್ತಿಯರು ಮಾನವಹಕ್ಕುಗಳ ನ್ಯಾಯಮಂಡಲಿಯ ಮೆಟ್ಟಿಲನ್ನೇ ಹತ್ತಿದ್ದರು. ಕೊನೆಗೆ ಅವರು ದೂರನ್ನು ಹಿಂತೆಗೆದುಕೊಂಡು ಅದರ ಮೇಲೆಯೇ ಆಡಿದರು.

ಮೂರನೆಯದು, ಹಾಸು ಸವೆದು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ. ಅದರ ಆಯುಸ್ಸು ಎಂಟು ಹತ್ತು ವರ್ಷ. ತರುವಾಯ ಅಷ್ಟಗಲದ ಪ್ಲಾಸ್ಟಿಕ್ಕನ್ನು ಸುತ್ತಿ ಎಲ್ಲಿಗೋ ಸಾಗಿಸಬೇಕು, ಮತ್ತೆ ಹಣ ಕೂಡಿಸಬೇಕು. ಫುಟ್‌ಬಾಲಿನ ಹಾಸುಗಳ ಎಳೆಗಳ ನಡುವೆ ಹಳೆಯ ಟೈರುಗಳನ್ನು ಅರೆದ ರಬ್ಬರಿನ ಹರಳನ್ನು ತುಂಬುತ್ತಾರೆ. ಅದು ಮಳೆಯಲ್ಲಿ ಕೊಚ್ಚಿ ಹೊಳೆ ಸೇರುತ್ತದೆ. ಐರೋಪ್ಯ ಒಕ್ಕೂಟದವರು 2023ರಲ್ಲಿ ಕಾನೂನು ಮಾಡಿ, ಇಂತಹ ಹರಳಿನ ಮಾರಾಟವನ್ನು 2031ರಿಂದ ನಿಷೇಧಿಸಿದ್ದಾರೆ. ಹಾಕಿಯ ಹಾಸಿಗೆ ರಬ್ಬರಿನ ಹರಳು ಬೇಡ. ಅದಕ್ಕೆ ಬೇಕಾದದ್ದು ನೀರು. ಪ್ರತಿ ಪಂದ್ಯಕ್ಕೆ ಮುಂಚೆ ಸಾವಿರಾರು ಲೀಟರು ನೀರನ್ನು ಅದರ ಮೇಲೆ ಚಿಮುಕಿಸಬೇಕು. ಪ್ಯಾರಿಸಿನಲ್ಲಿ ಕಬ್ಬಿನಿಂದ ಪಡೆದ ಪ್ಲಾಸ್ಟಿಕ್ಕನ್ನು ಬಹುಪಾಲು ಬಳಸಿ, ನೀರು ಕಡಿಮೆ ಸಾಕಾಗುವ ಹಾಸನ್ನು ಹಾಕಿದ್ದರು. ನೀರೇ ಬೇಡದ ಹಾಸಿಗಾಗಿ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯವರು ಶ್ರಮಿಸುತ್ತಿದ್ದಾರೆ. ಕಾವೇರಿ ಹುಟ್ಟುವ ನಾಡಿನಲ್ಲಿ ನೀರಿಗೇನು ಬರವೆಂದು ಹೊರಗಿನವರು ಕೇಳಬಹುದು. ಮಾರ್ಚಿ ಏಪ್ರಿಲಿನಲ್ಲಿ ನಮ್ಮ ಊರಿನ ಬಾವಿಗಳನ್ನು ಅವರು ಬಂದು ಇಣುಕಿ ನೋಡಬೇಕು.

ಹಾಗೆಂದು ಗುಣಗಳನ್ನು ಮರೆಮಾಚುವುದು ಅನ್ಯಾಯ. ನೀರು ಬಸಿಯುವಂತೆ ಚೆನ್ನಾಗಿ ಹಾಸಿದ ಮೈದಾನದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಆಡಬಹುದು. ನಮ್ಮ ಬಯಲು ಮೂರು ತಿಂಗಳು ಕೆಸರಾಗಿ ಮಲಗಿರುವಾಗ ಅಲ್ಲಿನ ಮಕ್ಕಳು ದಿನವೂ ಅಭ್ಯಾಸ ಮಾಡುತ್ತಿರುತ್ತಾರೆ. ಹಗಲಿರುಳು ಎಷ್ಟು ಗಂಟೆ ಆಡಿದರೂ ಹಾಸು ದಣಿಯದು. ಹುಲ್ಲಿಗೆ ವಿಶ್ರಾಂತಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಪಂದ್ಯಗಳೆಲ್ಲ ಇಂದು ಅದರ ಮೇಲೆಯೇ. ಅದನ್ನು ಮೆಟ್ಟದ ಮಗುವಿಗೆ ಆ ಬಾಗಿಲು ಮುಚ್ಚಿದಂತೆಯೇ. ಬೀಗ ಒಂದಲ್ಲ, ಎರಡು: ಹಾಸು ಹಾಕಿದರೆ ತಮ್ಮನಿಗೆ, ಹಾಕದಿದ್ದರೆ ಅಕ್ಕನಿಗೆ.

ಸಭೆಯ ದಿನ ಬಂದಿತು. ಬೆಂಗಳೂರಿನಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಮೊದಲು ಮಾತನಾಡಿದರು. ನನ್ನಿಂದ ಕಿವಿ ಹಿಂಡಿಸಿಕೊಂಡವರೇ. “ನಾವು ಈ ಬಯಲಿನಲ್ಲಿ ಆಡಿ ಜಿಲ್ಲೆಯವರೆಗೆ ಹೋದೆವು, ಅಲ್ಲಿಂದ ಮುಂದೆ ಹೋಗಲಿಲ್ಲ. ನಮಗೆ ಆದದ್ದು ಈ ಮಕ್ಕಳಿಗೆ ಆಗಬಾರದು” ಎಂದರು. ಅವರ ಕಂಠ ಗದ್ಗದವಾಯಿತು. ಆಮೇಲೆ ಎದ್ದ ವೃದ್ಧ ಬೆಳೆಗಾರರೊಬ್ಬರು ಮಾಂಟ್ರಿಯಲ್ಲಿನ ಒಳಸಂಚನ್ನು ಮತ್ತೊಮ್ಮೆ ವಿವರಿಸಿ, “ಈ ಊರಿನಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸುವುದಾದರೆ ನಾನು ಸತ್ತ ಮೇಲೆ ಹಾಸಿಕೊಳ್ಳಿ” ಎಂದು ಕುಳಿತರು. ಮೂರು ವಾರಗಳ ಹಿಂದಾಗಿದ್ದರೆ ಅವರ ಪಕ್ಕದಲ್ಲಿಯೇ ನಾನೂ ಕೂರುತ್ತಿದ್ದೆ.

ನನ್ನ ಸರದಿ ಬಂದಾಗ ಹುಡುಗಿ ಕೇಳಿದ ಪ್ರಶ್ನೆಯನ್ನೇ ಸಭೆಗೆ ಹೇಳಿದೆ. ಆಮೇಲೆ ನನ್ನ ಸಲಹೆಯನ್ನು ಇಟ್ಟೆ. ನಮ್ಮಿಂದ 22 ಕಿಲೋಮೀಟರು ದೂರದ ಪಟ್ಟಣದಲ್ಲಿ ಸರ್ಕಾರದ ಹಣದಿಂದ ಹಾಸಿದ ಹಾಕಿ ಮೈದಾನವಿದೆ. ದಿನದ ಬಹುಪಾಲು ಅದು ಬರಿದಾಗಿರುತ್ತದೆ. ಕೂಡಿಸುವ ಹಣದಲ್ಲಿ ಒಂದಂಶದಿಂದ ಒಂದು ವ್ಯಾನನ್ನು ಗೊತ್ತುಮಾಡಿ, ಮುಂದೆ ಹೋಗಬಲ್ಲ ಮಕ್ಕಳನ್ನು ವಾರಕ್ಕೆ ಎರಡು ದಿನ ಅಲ್ಲಿಗೆ ಒಯ್ಯಬೇಕು; ಬೂಟು ಇಲ್ಲದವರಿಗೆ ಬೂಟು, ಕೋಲು ಇಲ್ಲದವರಿಗೆ ಕೋಲು ಕೊಡಬೇಕು. ಇನ್ನೊಂದಂಶದಿಂದ ನಮ್ಮ ಬಯಲಿಗೆ ಸರಿಯಾದ ಬಸಿಗಾಲುವೆಗಳನ್ನು ತೋಡಿಸಿ, ಗುಂಡಿ ಮುಚ್ಚಿ, ಒಳ್ಳೆಯ ಹುಲ್ಲು ನೆಡಬೇಕು. ಬಯಲಿಗೆ ಬೇಲಿ ಬೇಡ.

“ವಾರಕ್ಕೆ ಎರಡು ದಿನ ಸಾಕೇ, ಮೇಷ್ಟ್ರೇ?” ಎಂದು ಬೆಂಗಳೂರಿನವರು ಕೇಳಿದರು.

“ಸಾಲದು” ಎಂದೆ. ಸಾಲದೆಂಬುದು ಸತ್ಯ, ಸುಳ್ಳು ಹೇಳಿ ಗೆಲ್ಲುವ ವಯಸ್ಸು ನನ್ನದಲ್ಲ. “ಆದರೆ ಎರಡು ದಿನ ಅವಳಿಗೂ ಸಿಗುತ್ತದೆ, ಏಳು ದಿನ ಅವಳ ತಮ್ಮನಿಗೂ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಬರಲಿಲ್ಲ. ನಿಮಗೆ ಬಂದರೆ ಹೇಳಿ, ಬರೆದುಕೊಳ್ಳುತ್ತೇನೆ.”

ಚರ್ಚೆ ರಾತ್ರಿಯವರೆಗೆ ನಡೆಯಿತು. ಕಡೆಗೆ, ಒಂದು ವರ್ಷ ಹೀಗೆ ಮಾಡಿ ನೋಡುವುದು, ಹಾಸಿನ ವಿಚಾರವನ್ನು ಆಮೇಲೆ ಮತ್ತೆ ಎತ್ತಿಕೊಳ್ಳುವುದು ಎಂದು ತೀರ್ಮಾನವಾಯಿತು. ಗೆದ್ದೆನೆಂದು ಹೇಳಲಾರೆ. ಹಣ ಕೊಡಲು ಒಪ್ಪಿದ್ದವರಲ್ಲಿ ಇಬ್ಬರು, ಹಾಸಿಗಾದರೆ ಕೊಡುತ್ತಿದ್ದೆವು, ವ್ಯಾನಿಗೆ ಕೊಡುವುದಿಲ್ಲವೆಂದರು. ಮೈದಾನದ ಮೇಲೆ ಕೊಟ್ಟವರ ಹೆಸರು ಕೆತ್ತಿಸಬಹುದು. ಬಸಿಗಾಲುವೆಯ ಮೇಲೆ ಹೆಸರು ಕೆತ್ತಿಸಿದವರುಂಟೆ?

ಈಗ ಬುಧವಾರ, ಶನಿವಾರ ವ್ಯಾನು ಹೋಗುತ್ತದೆ. ಹನ್ನೊಂದು ಮಕ್ಕಳು ಹೋಗುತ್ತಾರೆ. ಆ ಹುಡುಗಿಯೂ ಇದ್ದಾಳೆ. ಮೊದಲ ತಿಂಗಳು ಮೊಣಕಾಲು ತರಚಿಕೊಂಡು ಬಂದಳು. ಎರಡನೆಯ ತಿಂಗಳು, “ಈಗ ಚೆಂಡು ಕಾಣುತ್ತೆ ಸರ್” ಎಂದಳು. ಈ ಸಲದ ಆಯ್ಕೆಗೆ ಇನ್ನೂ ಒಂದು ತಿಂಗಳಿದೆ. ಅವಳು ಆಯ್ಕೆಯಾಗದಿದ್ದರೆ, ಶಾಲೆಯ ಬಯಲಿಗೇ ಹಾಸು ಹಾಕಿಸಿದ್ದರೆ ಆಗುತ್ತಿದ್ದಳೇನೋ ಎಂಬ ಪ್ರಶ್ನೆಯನ್ನು ನಾನು ಹೊರಬೇಕು. ಅದನ್ನು ತಿಳಿದೇ ಸಭೆಯಲ್ಲಿ ಎದ್ದು ನಿಂತದ್ದು.

ಮೊನ್ನೆ ಶನಿವಾರ ಸಂಜೆ ಬಯಲಿನ ಅಂಚಿನಲ್ಲಿ ನನ್ನ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಹೊಸ ಬಸಿಗಾಲುವೆಯಲ್ಲಿ ಮಳೆಯ ನೀರು ಗದ್ದೆಯ ಕಡೆಗೆ ಹರಿಯುತ್ತಿತ್ತು. ವ್ಯಾನು ಬಂದು ನಿಂತಿತು. ಹುಡುಗಿ ಇಳಿದವಳೇ ಬೂಟುಗಳನ್ನು ಬಿಚ್ಚಿ, ದಾರದಿಂದ ಕಟ್ಟಿ, ನನ್ನ ಕುರ್ಚಿಯ ತೋಳಿಗೆ ತೂಗುಹಾಕಿದಳು. “ಸ್ವಲ್ಪ ನೋಡಿಕೊಳ್ಳಿ ಸರ್” ಎಂದು ಹೇಳಿ, ಬರಿಗಾಲಿನಲ್ಲಿ ತಮ್ಮನ ಗುಂಪಿನೊಳಗೆ ನುಗ್ಗಿದಳು. ಗೋಲುಗಳ ಲೆಕ್ಕ ಬರೆಯಲು ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಜೇಬಿನಿಂದ ಒಂದು ಚೀಟಿ ತೆಗೆದು, ಕತ್ತಲಾಗುವವರೆಗೆ ಬರೆದೆ.